ಕರಿಘಟ್ಟದ ಕೋತಿ ಮತ್ತು ನನ್ನ ಕೂಗು

ನೀವಿದನ್ನು ನಂಬುವುದಿಲ್ಲ, ಬೇಕಾದರೆ ಬಾಜಿ ಕಟ್ಟುತ್ತೇನೆ. ಕರಿಘಟ್ಟದ ಮೆಟ್ಟಿಲ ಮೇಲೆ ನನ್ನ ಪುರಿ ಪೊಟ್ಟಣಕ್ಕೆ ಕೈ ಹಾಕಿದ ಕೋತಿ ಎಮ್ಮೆ ಕರುವಿನಷ್ಟು ದೊಡ್ಡದಿತ್ತು. ವಿಡಿಯೊದಲ್ಲಿ ಬೆಕ್ಕಿನಷ್ಟು ಕಾಣುತ್ತದೆ. ಅದು ಕ್ಯಾಮೆರಾದ ತಪ್ಪು. ನಾನು "ಅವ್ವಾ" ಎಂದು ಕೂಗಿದ್ದು ಮಾತ್ರ ನಿಜ. ಆ ಕೂಗಿಗೆ ಕೆಳಗೆ ಲೋಕಪಾವನಿ ಹೊಳೆಯೇ ಒಂದು ಗಳಿಗೆ ಹರಿಯುವುದನ್ನು ನಿಲ್ಲಿಸಿತು. ಕೋತಿ ಪುರಿ ತಿನ್ನುವುದನ್ನು ನಿಲ್ಲಿಸಲಿಲ್ಲ.

ವಿಡಿಯೊ ಮಾಡಿದವನು ನಮ್ಮೂರಿನವನೇ, ಹತ್ತನೇ ಕ್ಲಾಸಿನ ನಮ್ಮ ಗ್ಯಾಂಗಿನ ಲೀಡರು. ನನ್ನ ಕೂಗಿಗೆ ತಮಟೆ ಸೇರಿಸಿ, ತಲೆಗೆ ಕೂಸಿನ ಕುಲಾವಿ ತೊಡಿಸಿ ರೀಲ್ಸ್ ಮಾಡಿ ಹಾಕಿದ. ಸಂಜೆಯೊಳಗೆ ಪಾಂಡವಪುರದಿಂದ ಕೆ.ಆರ್. ಪೇಟೆವರೆಗೆ ನಾನು ಫೇಮಸ್ಸು. ಮಾರನೇ ದಿನ ಅರಕೆರೆ ಬಸ್ಸಿನ ಹಿಂದಿನ ಸೀಟಿನಿಂದ "ಅವ್ವಾ". ಶಾಲೆಯ ಗೇಟಿನಲ್ಲಿ "ಅವ್ವಾ". ಗುರುತೇ ಇಲ್ಲದ ನಾಗಮಂಗಲದ ಹುಡುಗಿಯೊಬ್ಬಳು ಹಾಲಿನ ಬಾಟಲಿಯ ಚಿತ್ರ ಕಳಿಸಿದಳು. ಅಲ್ಲಿಯವರೆಗೆ ಎಲ್ಲರಿಗಿಂತ ಜೋರಾಗಿ ನಾನೇ ನಗುತ್ತಿದ್ದೆ. ಆಮೇಲೆ ನಗು ಬರಲಿಲ್ಲ.

ಮೂರನೇ ದಿನ ಹೊಟ್ಟೆನೋವು ಎಂದು ಮಲಗಿಬಿಟ್ಟೆ. ಅವ್ವ ಕುಡಿಸಿದ ಓಮಿನ ಕಷಾಯದಲ್ಲಿ ಒಂದು ಗದ್ದೆಗೆ ನೀರು ಹಾಯಿಸಬಹುದಿತ್ತು. "ಇನ್ನೊಸಿ ಕುಡ್ಕೊ ಮಗ" ಎಂದು ಅವಳು ತಲೆ ಸವರುವಾಗ ನನಗಿದ್ದದ್ದು ಒಂದೇ ಭಯ: ಊರೆಲ್ಲ ನನ್ನನ್ನು ನೋಡಿ ನಗುವುದು ಇವಳ ಕಣ್ಣಿಗೆ ಬಿದ್ದರೆ? ಆ ವಿಡಿಯೊ ಹೋಗುವವರೆಗೆ ಶಾಲೆಗೆ ಕಾಲಿಡುವುದಿಲ್ಲ ಎಂದು ತೀರ್ಮಾನಿಸಿದೆ.

ಸಂಜೆ ಲೀಡರಿಗೆ ಫೋನು ಮಾಡಿದೆ. ನನ್ನ ಫೋನು ಸ್ಪೀಕರಿಗೆ ಹಾಕದೆ ಕೇಳಿಸುವುದಿಲ್ಲ. ಅವನು ಇಡೀ ಗ್ಯಾಂಗನ್ನೇ ಕಾಲ್‌ಗೆ ಸೇರಿಸಿಕೊಂಡ.

"ಅದ ತಗ್ದ್‌ಬುಡ್ಲಾ, ಸಾಕು" ಎಂದೆ.

"ತಗೀತೀನಿ. ಇನ್ನೊಂದ್ಸಲ ಕೂಗು ನೋಡವ."

"ಕೂಗಲ್ಲ ಕಣ್ಲಾ."

"ಅಂಗಾರೆ ನಾವೇ ಕೂಗ್ತೀವಿ ಬುಡು."

ಎಲ್ಲರೂ ಒಟ್ಟಿಗೆ ಕೂಗಿದರು, ಮನೆಯ ಹೆಂಚು ಹಾರಿ ಕಾವೇರಿಗೆ ಬೀಳುವಂತೆ: "ಅವ್ವಾ..."

ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದ ಅವ್ವ ಬಕೆಟ್ಟಿನ ಸಮೇತ ಓಡಿ ಬಂದಳು. ನನ್ನ ಮುಖ ನೋಡಿದಳು. ಫೋನು ಕಿತ್ತುಕೊಂಡಳು.

"ಯಾರ್ರಲಾ ಅದು, ಅವ್ವ ಅಂತ ಕೂಗ್ದೋರು? ಬಂದಿವ್ನಿ. ಏನಾಗ್‌ಬೇಕು ಯೋಳಿ."

ಅವ್ವ ಬಕೆಟ್ಟು ಕೆಳಗಿಟ್ಟಳು.

"ಮೊದ್ಲು ಮಾತಾಡ್ದೋನ್ ದನಿ ಗೊತ್ತು ಕಣ್ಲಾ ನಂಗೆ. ನಿಮ್ಮವ್ವ ಡೈರೀಲಿ ದಿನಾ ನನ್ ಮುಂದ್ಗಡೆ ನಿಂತ್ಕೊಂಡು ಹಾಲಾಕ್ತಾಳೆ. ಈಗ ಅಲ್ಲಿಗೇ ಒಂಟಿವ್ನಿ. ಏನ್ ಯೋಳ್ಲಿ ಅವಳ್ಗೆ?"

ಉಳಿದವರು ಒಬ್ಬೊಬ್ಬರಾಗಿ ಕಾಲ್ ಬಿಟ್ಟು ಜಾರಿದರು. ಲೀಡರು ಒಬ್ಬನೇ ಉಳಿದ.

"ಯೋಳ್‌ಬ್ಯಾಡಿ ಕಣವ್ವ. ಈಗ್ಲೇ ತಗೀತೀನಿ ಕಣವ್ವ."

"ತಗಿ. ನಾಳೀಕ್ ಬಸ್ಸಲ್ಲಿ ಇವ್ನ ಪಕ್ದಾಗೇ ಕೂತ್ಕೊ."

ಫೋನು ನನಗೆ ಕೊಡಲಿಲ್ಲ. ಸೊಂಟಕ್ಕೆ ಸಿಕ್ಕಿಸಿಕೊಂಡು ಬಕೆಟ್ಟು ಎತ್ತಿಕೊಂಡವಳು ಬಾಗಿಲಲ್ಲಿ ತಿರುಗಿದಳು.

"ಒಟ್ಟೆನೋವು ಓಯ್ತೇನ್ಲಾ ಮಗ?"

ಓಯ್ತು ಎಂದೆ.