ಯಾರೂ ಸಾಯದ ಕಾದಂಬರಿಗಳು

ಮೈದಾ ಅಂಟು ಕುದಿಯುವ ವಾಸನೆ ಎಲ್ಲಿ ಬಂದರೂ ನನಗೆ ಹಲಸೂರಿನ ಆ ಪುಟ್ಟ ಗ್ರಂಥಾಲಯ ನೆನಪಾಗುತ್ತದೆ. ಹರಿದ ಕಾದಂಬರಿಗಳಿಗೆ ರಟ್ಟು ಹಾಕಲು ಗ್ರಂಥಪಾಲಕಿ ವಿಮಲಾ ಮೇಡಂ ಹಿಂದಿನ ಕೋಣೆಯಲ್ಲಿ ಅಂಟು ಕಾಯಿಸುತ್ತಿದ್ದರು. ಅದಕ್ಕೆ ನುಸಿಗುಳಿಗೆಯ ಘಾಟು ಬೆರೆತಿರುತ್ತಿತ್ತು. ಮನೆಯಲ್ಲಿ ತಮಿಳು, ಕೌಂಟರಿನಲ್ಲಿ ಕನ್ನಡ ಆಡುತ್ತಿದ್ದ ಮೇಡಂಗೆ ಒಂದು ವಿಚಿತ್ರ ಪದ್ಧತಿ ಇತ್ತು. ಯಾವ ಕಾದಂಬರಿಯನ್ನೂ ಅದರ ಕಡೇ ಪುಟ ಓದದೆ ಯಾರಿಗೂ ಶಿಫಾರಸು ಮಾಡುತ್ತಿರಲಿಲ್ಲ. ಸೊಸೆಯ ಮೇಲೆ ಮುನಿಸಿಕೊಂಡು ಬಂದ ಅತ್ತೆಗೊಂದು, ಮದುವೆ ಗೊತ್ತಾಗದ ಟೀಚರಿಗೊಂದು, ಹೀಗೆ ಮುಖ ನೋಡಿ ಆರಿಸಿ ಕೊಡುತ್ತಿದ್ದರು. ಯಾರೂ ಬೇಡ ಅಂದದ್ದು ನಾನು ಕಾಣೆ.

ಮುಖವನ್ನೇ ನೋಡದೆ ಅವರು ಪುಸ್ತಕ ಆರಿಸುತ್ತಿದ್ದುದು ನನ್ನ ಅವ್ವನಿಗೆ ಮಾತ್ರ. ರಾಯಚೂರು ಕಡೆಯಿಂದ ಬಂದ ನಾವು ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿದ್ದೆವು. ರೇಷನ್ ಅಂಗಡಿಯಲ್ಲಿ ತನ್ನ ಮಾತು ಕೇಳಿ ಯಾರೋ ನಕ್ಕರೆಂದು ಅವ್ವ ಹೊರಗೆ ಹೋಗುವುದನ್ನೇ ಬಿಟ್ಟಿದ್ದಳು. ಅಪ್ಪ ಕೆ.ಆರ್. ಪುರದ ಕಾರ್ಖಾನೆಗೆ ಹೋದ ಮೇಲೆ ಅವಳಿಗೆ ಕಾದಂಬರಿಯೊಂದೇ ಜೊತೆ, ತಂದುಕೊಡುವವಳು ನಾನು. ಮೊದಲ ದಿನ ಮೇಡಂ, "ಮನೇಲಿ ಯಾರ್ಯಾರಿದ್ದೀರಮ್ಮಾ?" ಎಂದು ಕೇಳಿದಾಗ, "ಅವ್ವ, ಅಪ್ಪ, ನಾನ್ರಿ. ತಮ್ಮ ಇದ್ದ, ಜ್ವರ ಬಂದು ತೀರಿಕೊಂಡ್ನ್ರಿ" ಎಂದುಬಿಟ್ಟಿದ್ದೆ. ಅದು ಮನೆಯಲ್ಲಿ ಆಡಬಾರದ ಮಾತು. ತಮ್ಮನನ್ನು ಮಣ್ಣು ಮಾಡಿ ಬಂದ ದಿನವೇ ಅಪ್ಪ, "ಇನ್ನ ಅವನ ಹೆಸರ ಎತ್ತಬ್ಯಾಡ್ರಿ" ಎಂದಿದ್ದ. ಅಂಗಿ, ತಟ್ಟೆ ಎಲ್ಲ ಯಾರಿಗೋ ಕೊಟ್ಟಾಗಿತ್ತು. ನನ್ನ ಮಾತು ಕೇಳಿದ ಮೇಲೆ ಮೇಡಂ ನಮ್ಮ ಮನೆಗೆ ಕಳಿಸುವ ಪುಸ್ತಕದ ನಡುವಿನ ಪುಟಗಳನ್ನೂ ತಿರುವಿ ನೋಡತೊಡಗಿದರು. ಸಾವು ಕಂಡರೆ ಪಕ್ಕಕ್ಕಿಡುತ್ತಿದ್ದರು. "ಈ ಊರಿನ ಕತಿಯೊಳಗ ಯಾರೂ ಸಾಯೂದ ಇಲ್ಲೇನ?" ಎಂದು ಒಮ್ಮೆ ಅವ್ವ ಒಲೆಯ ಮುಂದೆ ತನ್ನಷ್ಟಕ್ಕೆ ಅಂದಳು. ತಮ್ಮ ಹೋದಾಗಿನಿಂದ ಅವಳು ಅತ್ತದ್ದನ್ನು ನಾನು ನೋಡಿರಲಿಲ್ಲ. ಅದು ನನಗೆ ಹೆದರಿಕೆ ಹುಟ್ಟಿಸುತ್ತಿತ್ತು.

ಮೇಡಂ ರಜೆಯಲ್ಲಿದ್ದಾಗ ಬದಲಿಗೆ ಬಂದಿದ್ದವರು, "ಇದು ತಗೊಂಡೋಗು, ಎಲ್ರೂ ಕೇಳ್ತಾರೆ" ಎಂದು ಕೈಗೆ ಸಿಕ್ಕಿದ್ದನ್ನು ಕೊಟ್ಟರು. ಆ ಕಾದಂಬರಿಯಲ್ಲಿ ಒಂದು ಮಗು ಸಾಯುತ್ತಿತ್ತು. ಮರುದಿನ ನಾನು ಶಾಲೆಯಿಂದ ಬಂದಾಗ ಅನ್ನ ಸೀದಿತ್ತು. ಅವ್ವ ಪುಸ್ತಕವನ್ನು ಎದೆಗೊತ್ತಿಕೊಂಡು ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ನನ್ನನ್ನು ಕಂಡಿದ್ದೇ ಸೆರಗಿನಿಂದ ಮುಖ ಒರೆಸಿಕೊಂಡು, "ಉಣ್ಣ ಬಾ" ಎಂದಳು.

ಮೇಡಂ ಬಂದರೆಂದು ತಿಳಿದ ದಿನ ಅವ್ವ ಸೀರೆ ಬದಲಿಸಿ, ನನ್ನ ಕೈ ಹಿಡಿದು ತಾನೇ ಹೊರಟಳು. ಪುಸ್ತಕ ನೋಡಿ ಮೇಡಂ ಗಾಬರಿಯಾದರು.

"ಅಯ್ಯೋ, ಇದನ್ನ ಯಾರ್ರೀ ನಿಮ್ಗೆ ಕೊಟ್ಟಿದ್ದು? ನಾನಿದ್ದಿದ್ರೆ ಕೊಡ್ತಾನೇ ಇರ್ಲಿಲ್ಲ."

"ಇಂಥಾದ್ದ ಇನ್ನೊಂದು ಇದ್ರ ಕೊಡ್ರಿ" ಎಂದಳು ಅವ್ವ.

ಮೇಡಂ ಅವಳನ್ನು ಹಿಂದಿನ ಕೋಣೆಗೆ ಕರೆದುಕೊಂಡು ಹೋದರು. ನಾನು ಬೆಂಚಿನ ಮೇಲೆ ಕೂತೆ. ಕಪಾಟುಗಳ ಹಿಂದಿನಿಂದ ಅವ್ವ ತಮ್ಮನ ಹೆಸರು ಹೇಳುವುದು ಕೇಳಿಸಿತು. "ಮಲಗೂಮುಂದ ನನ್ನ ಕೈಬಳಿ ಹಿಡಕೊಂಡ ಮಲಗತಿದ್ದನ್ರಿ" ಎಂದಳು. ಆಮೇಲೆ ಇಬ್ಬರೂ ಅಳುತ್ತಿದ್ದರು. ನನಗೆ ಸಮಾಧಾನವಾಗಬೇಕಿತ್ತು, ಆದದ್ದು ಹೊಟ್ಟೆಕಿಚ್ಚು. ಅವನು ನನಗೆ ತಮ್ಮನಲ್ಲವೇ?

ಅಂದಿನಿಂದ ಅವ್ವ ತಾನೇ ಗ್ರಂಥಾಲಯಕ್ಕೆ ಹೋಗಿಬರತೊಡಗಿದಳು. ಮನೆಗೆ ಬಂದರೆ ಮತ್ತೆ ಅದೇ ಮೌನ. ಈಗ ಆ ಕಟ್ಟಡ ಇಲ್ಲ. ಮೇಡಂ ಹೋದರು, ಅಪ್ಪ ಹೋದ, ಹೋದ ವರ್ಷ ಅವ್ವನೂ ಹೋದಳು. ಕೊನೆಯವರೆಗೂ ಅವ್ವನೂ ನಾನೂ ಒಬ್ಬರೆದುರು ಒಬ್ಬರು ಆ ಹೆಸರನ್ನು ಎತ್ತಲಿಲ್ಲ. ಎತ್ತದ ಹೆಸರೊಂದು ನಿಮ್ಮ ಮನೆಯಲ್ಲೂ ಇದ್ದೀತು. ತಮ್ಮನದೊಂದು ಫೋಟೋ ಕೂಡ ಇಲ್ಲ. ಅವನೊಬ್ಬ ಇದ್ದ ಎಂದು ಬಲ್ಲವಳು ಈಗ ನಾನೊಬ್ಬಳೇ. ಅದಕ್ಕೇ ನಿಮಗೆ ಹೇಳುತ್ತಿದ್ದೇನೆ. ನನ್ನ ತಮ್ಮನ ಹೆಸರು ಚೆನ್ನಬಸು.