ಉತ್ತರವಿಲ್ಲದ ಟೀಕೆ

ಕಮತಗಿಯ ನೇಕಾರ ಅಂದಾನಪ್ಪನ ಬಾಯಿಂದ ಸ್ವಂತದ ಮಾತು ಬರುತ್ತಿದ್ದುದೇ ಅಪರೂಪ. ನವರಾತ್ರಿಯ ಒಂಬತ್ತೂ ದಿನ ಬನಶಂಕರಿ ಗುಡಿಯ ಕಟ್ಟೆಯ ಮೇಲೆ ಕೂತು, ದೇವಿಯ ಸ್ತೋತ್ರವೊಂದಕ್ಕೆ ಐದುನೂರು ವರ್ಷದ ಹಿಂದೆ ಯಾರೋ ಸನ್ಯಾಸಿ ಬರೆದಿಟ್ಟ ಟೀಕೆಯನ್ನು ಬಿಡಿಸಿ ಹೇಳುತ್ತಿದ್ದ. ಸಾಲಿನ ಮೇಲೆ ಬೆರಳಿಟ್ಟು, ಅಲ್ಲಿದ್ದಷ್ಟನ್ನೇ ಹೇಳುವುದು ಅವನ ಪದ್ಧತಿ. ಬೆರಳು ನಿಂತಲ್ಲಿ ಬಾಯಿಯೂ ನಿಲ್ಲಬೇಕು. ಹಳೆಯ ಹೊತ್ತಿಗೆಗೆ ಗೆದ್ದಲು ಹತ್ತಿದಾಗ, ಮಗ್ಗದಿಂದ ಎದ್ದ ಮೇಲೆ ದಿನಕ್ಕೆ ನಾಲ್ಕು ಸಾಲಿನಂತೆ ಆರು ವರ್ಷ ಕೂತು ಬಿಡಿ ಹಾಳೆಗಳಲ್ಲಿ ನಕಲು ಮಾಡಿದ್ದ. ಉಳಿದ ಪ್ರತಿ ಅದೊಂದೇ.

ಆ ಸನ್ಯಾಸಿಗೂ ಒಂದು ರೀತಿ ಇತ್ತು. ಮೊದಲು ಎದುರಾಳಿಯ ವಾದವನ್ನು ಅವನಿಗಿಂತ ಚಂದವಾಗಿ ತಾನೇ ಮಂಡಿಸುವುದು, ಆಮೇಲೆ ಉತ್ತರ ಕೊಡುವುದು. ‘ಆ ಐದನ್ನು ಅರ್ಪಿಸದೆ ತಾಯಿಯ ಪೂಜೆ ಫಲಿಸದು’ ಎಂಬುದು, ಹೆಂಡ, ಮಾಂಸ, ಮೀನು ಮೊದಲಾದ ಪಂಚಮಕಾರಗಳಿಂದ ಪೂಜಿಸುವ ತಂತ್ರದವರ ವಾದ. ಉತ್ತರದಲ್ಲಿ ಸನ್ಯಾಸಿ ಒಂದೊಂದರ ಹೆಸರು ಹಿಡಿದು ಹೇಳಿದ್ದ: ಹೆಂಡವೆಂದರೆ ತಾಯಿಯ ನೆನಪಿನಲ್ಲಿ ಮೈಮರೆಯುವುದು, ಮಾಂಸವೆಂದರೆ ನಿನ್ನದೇ ನಾಲಿಗೆ, ಅದನ್ನು ನುಂಗುವುದೆಂದರೆ ಮೌನ.

೧೯೭೮ರಲ್ಲಿ ಬಂಡೆಪ್ಪ ಮಾಸ್ತರು ಗುಡಿಯ ಕಮಿಟಿಗೆ ಅಧ್ಯಕ್ಷರಾದರು. ಅವರು ನಿವೃತ್ತರಾಗಿದ್ದರೂ ಕಿಸೆಯ ಕೆಂಪು ಪೆನ್ಸಿಲು ನಿವೃತ್ತವಾಗಿರಲಿಲ್ಲ. ಮದುವೆಯ ಕರೆಯೋಲೆ ಕೊಟ್ಟರೂ ತಿದ್ದಿ ವಾಪಸು ಕೊಡುವ ಮನುಷ್ಯ. ಗುಡಿಯ ಕಪಾಟಿನಲ್ಲಿದ್ದ ಅಂದಾನಪ್ಪನ ಹಾಳೆಗಳನ್ನು ‘ಪರಿಶೀಲಿಸಿ’, ಹೆಂಡ, ಮಾಂಸ ಎಂಬ ಶಬ್ದ ಕಂಡವುಗಳನ್ನೆಲ್ಲ ಹರಿದು ಮಲಪ್ರಭೆಗೆ ಬಿಟ್ಟರು. ವಾದದ ಹಾಳೆಯಲ್ಲಿ ‘ಆ ಐದು’ ಎಂದಷ್ಟೇ ಇದ್ದುದರಿಂದ ಅದು ಶುದ್ಧವೆಂದು ಉಳಿಯಿತು. ಕಮಿಟಿಯ ಸಭೆಯಲ್ಲಿ ಈ ಪುಣ್ಯಕಾರ್ಯವನ್ನು ಎಲ್ಲರೂ ಮೆಚ್ಚಿದರು. ಕಮಿಟಿಯಲ್ಲಿದ್ದೂ ಟೀಕೆಯ ಒಂದಕ್ಷರ ಓದದ ನಾನು ಎಲ್ಲರಿಗಿಂತ ಮೊದಲು ಮೆಚ್ಚಿದೆ. ಅಂದಾನಪ್ಪನಿಗೆ ತಿಳಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಆ ವರ್ಷದ ನವರಾತ್ರಿಯ ಎಂಟನೆಯ ದಿನ ಅವನು ತಂತ್ರದವರ ವಾದ ಮುಗಿಸಿ ಹಾಳೆ ತಿರುವಿದ. ಮುಂದಿನದು ಆರತಿಯ ವರ್ಣನೆ. ಹಾಳೆಯ ಅಂಕಿ ನಲವತ್ತೊಂದರಿಂದ ನಲವತ್ತಾರಕ್ಕೆ ಜಿಗಿದಿತ್ತು. ಮುಂದೆ ಕೂತ ಪದ್ಮವ್ವ ಆ ಐದು ಯಾವುವೆಂದು ಪಕ್ಕದವಳನ್ನು ಕೇಳುತ್ತಿದ್ದಳು. ಗೊತ್ತಿದ್ದ ಗಂಡಸರು ಹಿಂದೆ ಕಿಸಿಕಿಸಿ ನಗುತ್ತಿದ್ದರು. ಅವರಲ್ಲೊಬ್ಬ, ತಾನು ದಿನಾ ಅರ್ಪಿಸಿಕೊಂಡರೂ ಫಲ ಕಾಣಲಿಲ್ಲ ಎಂದ.

“ಉತ್ತರದ ಹಾಳಿ ಎಲ್ಲ್ಯದಾವ್ರಿ ಮಾಸ್ತರ?” ಅಂದಾನಪ್ಪ ಮೈಕಿನ ಬಳಿ ಕೂತಿದ್ದ ಅಧ್ಯಕ್ಷರನ್ನು ಕೇಳಿದ.

“ಹೊಲಸು ಶಬ್ದ ಇದ್ವು. ಹೊಳಿಗಿ ಬಿಟ್ಟೇನಿ. ನೀ ಮುಂದ ಹೋಗು.”

“ಹಿಂಗ ಬಿಟ್ರ ಸ್ವಾಮಿಗೋಳು ಹೆಂಡ ಕುಡೀರಿ ಅಂದ್ರು ಅಂತ ತಿಳದು ಮಂದಿ ಮನೀಗಿ ಹೋಗ್ತಾರ್ರಿ.”

“ಹಾಳ್ಯಾಗ ಇಲ್ಲದ್ದು ಹೇಳೂದಿಲ್ಲ ಅನ್ನಾಂವ ನೀನ ಅಲ್ಲೇನೋ?”

ಅಂದಾನಪ್ಪ ಬೆರಳನ್ನು ಹಾಳೆಯಿಂದ ತೆಗೆದ. ಕಣ್ಣು ಮುಚ್ಚಿ, ಆ ನಾಲ್ಕು ಹಾಳೆಗಳ ಉತ್ತರವನ್ನು ಬಾಯಿಪಾಠವಾಗಿ ಹೇಳಿದ. ನಾಲಿಗೆ ನುಂಗುವ ಮಾತು ಬಂದಾಗ ಹಿಂದಿನವರೂ ಸುಮ್ಮನಾದರು. ಬಂಡೆಪ್ಪ ಮಾಸ್ತರು ಮಾತ್ರ ಮೈಕಿನ ವೈರು ಸರಿಯಿಲ್ಲವೆಂದು ಗೊಣಗುತ್ತಲೇ ಇದ್ದರು. ಹೇಳಿ ಮುಗಿಸಿ, ಹಾಳೆ ಕಟ್ಟಿಕೊಂಡು ಹೋದ ಅಂದಾನಪ್ಪ ಮತ್ತೆ ಕಟ್ಟೆ ಹತ್ತಲಿಲ್ಲ. ಹೊಳೆಗೆ ಹೋದದ್ದನ್ನು ಬರೆದು ಸೇರಿಸೆಂದು ನಾನು ಹೇಳಿ ನೋಡಿದೆ. ಬಾಯಿಂದ ಹೇಳುವುದು ಬೇರೆ, ಬರೆದರೆ ಸನ್ಯಾಸಿಯದೆಷ್ಟು, ತನ್ನದೆಷ್ಟು ಎಂದು ನಾಳೆ ತನಗೇ ತಿಳಿಯದು ಎಂದ.

ಅವನು ೧೯೮೩ರಲ್ಲಿ ತೀರಿಕೊಂಡ. ಶೋಕಸಭೆಯಲ್ಲಿ ಬಂಡೆಪ್ಪ ಮಾಸ್ತರು ಅರ್ಧ ತಾಸು ಮಾತಾಡಿ, ತಾವೂ ಅಂದಾನಪ್ಪನೂ ಕೂಡಿಯೇ ಆ ಟೀಕೆಯನ್ನು ಶುದ್ಧಗೊಳಿಸಿದೆವು ಎಂದರು. ಎದುರಿಗೇ ಕೂತಿದ್ದ ಅವನ ಹೆಂಡತಿ ಬಸಲಿಂಗವ್ವ ಸೆರಗು ಕೊಡವಿಕೊಂಡು ಎದ್ದು ಹೋದಳು. ನಾನೂ ಏಳಬೇಕೆಂದುಕೊಂಡೆ. ಆದರೆ ಚಹಾ ಬರುವುದಿತ್ತೆಂದು ಕೂತೇ ಇದ್ದೆ. ಮಾಸ್ತರಿಗಿಂತ ಹೆಚ್ಚು ಹೇಸಿಗೆ ಈಗ ಆ ಚಹಾದ ಮೇಲೆ.