ಡೌಟ್ ಮೂರ್ತಿಯವರ ಜರಡಿ

ಬೆಳಿಗ್ಗೆ ಇಡ್ಲಿ ಪಾತ್ರೆ ಉಜ್ಜಿದೆ. ಮಗಳ ಈಜಿನ ಚೀಲಕ್ಕೆ ಒಣಗಿದ ಟವೆಲ್ ತುರುಕಿದೆ. ಬಾಲ್ಕನಿಯ ಬಟ್ಟೆ ತಿರುವಿ ಹಾಕಿದೆ. ಇವತ್ತು ಲೋಹದ ಕಸದ ದಿನವಾದ್ದರಿಂದ ಕೆಳಗಿನ ಮನೆಯ ಮೂರ್ತಿಯವರು ಬಿಟ್ಟುಹೋದ ಚೀಲವನ್ನು ಗಾಡಿ ಬರುವ ಮೊದಲೇ ಕೆಳಗಿಟ್ಟು ಬಂದೆ. ಅದರೊಳಗೆ ತಂಪು ಪಾನೀಯದ ಡಬ್ಬಿ ತೆರೆಯುವಾಗ ಕಿತ್ತುಬರುವ ಕಿವಿಗಳು, ಬಾಟಲಿ ಮುಚ್ಚಳಗಳು, ತುಕ್ಕು ಹಿಡಿದ ಮೊಳೆಗಳು. ಎಲ್ಲವನ್ನೂ ತೊಳೆದು, ಒಣಗಿಸಿ, ಬೇಳೆಕಾಳಿನಂತೆ ಬೇರೆ ಬೇರೆ ಪೊಟ್ಟಣ ಕಟ್ಟಿದ್ದರು. ಕಸವನ್ನು ಅಷ್ಟು ಮರ್ಯಾದೆಯಿಂದ ಕಳಿಸಿಕೊಡುವ ಇನ್ನೊಬ್ಬರನ್ನು ಈ ಕಾವಾಸಾಕಿಯಲ್ಲಿ ನಾನು ಕಂಡಿಲ್ಲ. ಅವರೂ ಅವರ ಹೆಂಡತಿ ನಾಗವೇಣಿಯೂ ಜಪಾನಿನ ಸಂಸಾರ ಮುಗಿಸಿ ನಿನ್ನೆ ತುಮಕೂರಿಗೆ ಹೊರಟುಹೋದರು.

ನಮ್ಮವರೆಲ್ಲ ಅವರನ್ನು ಕರೆಯುತ್ತಿದ್ದುದು ಡೌಟ್ ಮೂರ್ತಿ ಎಂದು. ವಾಹನದ ಬಿಡಿಭಾಗಗಳ ಕಾರ್ಖಾನೆಯೊಂದರಲ್ಲಿ ಗುಣಮಟ್ಟ ನೋಡುವ ಕೆಲಸ, ಅನುಮಾನಪಡುವುದಕ್ಕೇ ಸಂಬಳ. ಆದರೆ ಆ ಕೆಲಸ ಅವರಿಗೆ ಸಂಜೆಗೆ ಮುಗಿಯುತ್ತಿರಲಿಲ್ಲ. ಬೀದಿ ಮೂಲೆಯ ಕೊಂಬಿನಿ ಅಂಗಡಿಯ ಹಾಲಿನ ಮೇಲೆ ಮುಂದಿನ ವಾರದ ತಾರೀಖಿದ್ದರೂ ಮನೆಗೆ ತಂದು ಮೂಸುವರು. ರೈಲು ಸರಿಯಾದ ಹೊತ್ತಿಗೆ ಬಂದರೆ ತಮ್ಮ ಗಡಿಯಾರವನ್ನು ಕಿವಿಗೆ ಹಿಡಿಯುವರು. ನಾನು ಕಾಫಿ ಕೊಟ್ಟು “ಸಕ್ಕರೆ ಹಾಕಿಲ್ಲ” ಎಂದರೆ ಚಮಚ ಇಳಿಸಿ ಲೋಟದ ತಳ ಕೆದಕಿ ನೋಡಿಯೇ ಕುಡಿಯುವರು. ಯಾರು ಏನು ಹೇಳಿದರೂ ಅವರದು ಒಂದೇ ಮಾತು: “ಹಂಗಂತ ಯಾರ್ ಹೇಳಿದ್ದು?”

ಇಂಥವರು ನೆಲದಡಿಯ ಲೋಹ ಹುಡುಕುವ ಯಂತ್ರವೊಂದನ್ನು ಕೊಂಡರು. ಉದ್ದನೆಯ ಕೋಲು, ತುದಿಯಲ್ಲಿ ತಟ್ಟೆ, ಹಿಡಿಯ ಹತ್ತಿರ ಪುಟ್ಟ ಪರದೆ. ಕೆಳಗೆ ಏನಾದರೂ ಇದ್ದರೆ ಸದ್ದು ಮಾಡಿ, ಅದು ಬೆಲೆಯುಳ್ಳದ್ದೋ ಕಸವೋ ಎಂದು ಪರದೆಯ ಮೇಲೆ ತೋರಿಸುತ್ತದೆ. ಮೊದಲ ದಿನವೇ ಅವರು ತಮ್ಮ ಮದುವೆಯ ಉಂಗುರವನ್ನು ಚಾಪೆಯ ಕೆಳಗಿಟ್ಟು ಪರೀಕ್ಷೆ ಮಾಡಿದರು. ಯಂತ್ರ ಗೊರಗೊರ ಎಂದು ಕಸದ ಬುಟ್ಟಿಯ ಚಿತ್ರ ತೋರಿಸಿತು.

“ನೋಡಿದ್ರಾ, ಮದುವೆ ಉಂಗುರಕ್ಕೇ ಕಸ ಅನ್ನತ್ತೆ” ಎಂದರು ನನಗೆ.

“ಇಷ್ಟು ವರ್ಷಕ್ಕೆ ಮೆಷಿನ್ನಿಗಾದ್ರೂ ಗೊತ್ತಾಯ್ತಲ್ಲ” ಎಂದಳು ನಾಗವೇಣಿ, ಸೊಪ್ಪು ಬಿಡಿಸುವುದನ್ನು ನಿಲ್ಲಿಸದೆ.

ಅಂದಿನಿಂದ ಅವರು ಪರದೆಯನ್ನು ನಂಬಲಿಲ್ಲ. ತೆಳು ಚಿನ್ನಕ್ಕೂ ಡಬ್ಬಿಯ ಕಿವಿಗೂ ಯಂತ್ರಕ್ಕೆ ವ್ಯತ್ಯಾಸ ತಿಳಿಯದು ಎಂದು ಎಲ್ಲರಿಗೂ ಹೇಳುತ್ತಾ, ಕಸ ಎಂದು ತೋರಿಸಿದ್ದನ್ನೆಲ್ಲ ಅಗೆದರು. ಸಿಕ್ಕಿದ್ದೂ ಬಹುತೇಕ ಕಸವೇ. ಜಪಾನಿನಲ್ಲಿ ಕಸಕ್ಕೆ ಗೋಮಿ ಎನ್ನುವುದರಿಂದ ನಮ್ಮ ಮಕ್ಕಳಿಗೆ ಅವರು ಗೋಮಿ ಅಂಕಲ್ ಆದರು.

ಒಮ್ಮೆ ತಮಾ ನದಿಯ ದಂಡೆಯಲ್ಲಿ ಸೈಕಲ್ ಮೇಲೆ ಬಂದ ಪೊಲೀಸನೊಬ್ಬ “ಸುಮಿಮಾಸೆನ್” ಎಂದು ಕ್ಷಮೆ ಕೇಳುತ್ತಾ ಬಾಗಿ, ಏನು ಅಗೆಯುತ್ತಿದ್ದೀರಿ ಎಂದು ಕೇಳಿದನಂತೆ. ಇವರು ಸೊಂಟದ ಚೀಲವನ್ನು ಹುಲ್ಲಿನ ಮೇಲೆ ಸುರಿದರು. ಅವನು ಕೂತು ಒಂದೊಂದು ಮುಚ್ಚಳವನ್ನೂ ತಿರುಗಿಸಿ ನೋಡಿದ. ಗುಂಡಿಗಳನ್ನು ಮುಚ್ಚಿದ್ದಾರೋ ಎಂದು ಬೂಟಿನಿಂದ ಒತ್ತಿಯೂ ನೋಡಿದ. ಬೇರೆಯವರಾಗಿದ್ದರೆ ಅವಮಾನವಾಯಿತೆಂದು ವಾರಗಟ್ಟಲೆ ಹೇಳಿಕೊಳ್ಳುತ್ತಿದ್ದರು. ಮೂರ್ತಿಯವರು ಸಂತೋಷವಾಗಿ ಮನೆಗೆ ಬಂದರು. “ಒಂದನ್ನೂ ಬಿಡ್ಲಿಲ್ಲ ರೀ. ಭಾಳ ಒಳ್ಳೆ ಮನುಷ್ಯ.”

ಈ ವರ್ಷ ಸಕುರಾ ಹೂವಿನ ಹೊತ್ತಿಗೆ ಅದೇ ದಂಡೆಗೆ ನಾವು ಏಳೆಂಟು ಕನ್ನಡದ ಮನೆಯವರು ಬುತ್ತಿ ಕಟ್ಟಿಕೊಂಡು ಹೋದೆವು. ಗಾಳಿ ಜೋರಾಗಿತ್ತು. ನಮ್ಮ ಮೇಲಿನ ಮಹಡಿಯ ಜಯಶ್ರೀಯ ಕೂದಲು ಮೊಸರನ್ನಕ್ಕೆ ಬೀಳುತ್ತಿತ್ತು. “ಬನ್ನಿ ಅಕ್ಕ” ಎಂದು ಗೀತಾ ಅವಳನ್ನು ಕೂರಿಸಿಕೊಂಡು ಬಿಗಿಯಾಗಿ ಜಡೆ ಹೆಣೆದಳು. ಗೀತಾಳ ಗಂಡ ನಿಲ್ದಾಣದ ಬಳಿಯ ಇಂಡಿಯನ್ ಹೋಟೆಲಿನಲ್ಲಿ ಅಡುಗೆಯವನು. ಉಳಿದವರೆಲ್ಲ ಕಂಪನಿ ಕೆಲಸದವರ ಹೆಂಡತಿಯರು. ಆ ವ್ಯತ್ಯಾಸವನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಸಂಜೆ ಚಾಪೆ ಕೊಡವಿ ಎದ್ದಾಗ ಜಯಶ್ರೀಯ ಎಡಗಿವಿ ಬರಿದಾಗಿತ್ತು. ಹೋದದ್ದು ತಾಯಿ ಕೊಟ್ಟ ಏಳು ಹರಳಿನ ವಜ್ರದ ಓಲೆ.

ಮೂರ್ತಿಯವರು ಮನೆಗೆ ಹೋಗಿ ಯಂತ್ರ ತಂದರು. ಬೆಳಕು ಕುಂದುತ್ತಿತ್ತು. “ಕಸದ ಸೌಂಡ್ ಆಫ್ ಮಾಡಿ ಸಾರ್, ಬೇಗ ಆಗತ್ತೆ” ಎಂದು ಜಯಶ್ರೀಯ ಗಂಡ ಅವಸರಪಡಿಸಿದ. ಒಲ್ಲದ ಮನಸ್ಸಿನಿಂದಲೇ ಗುಂಡಿ ಒತ್ತಿದರು. ಕೂತಿದ್ದ ಜಾಗವನ್ನೆಲ್ಲ ಸವರಿದರೂ ಯಂತ್ರ ಚಕಾರ ಎತ್ತಲಿಲ್ಲ.

“ಇಲ್ಲಿ ಬಿದ್ದಿಲ್ಲ ಅಂತಾಯ್ತು” ಎಂದಳು ಜಯಶ್ರೀ. ಗೀತಾಳ ಕಡೆ ನೋಡಲಿಲ್ಲ. ನೋಡದೆ ಇದ್ದದ್ದೇ ಎಲ್ಲರಿಗೂ ಕಾಣಿಸಿತು.

ಗೀತಾಳನ್ನು ಯಾರೂ ಏನೂ ಕೇಳಲಿಲ್ಲ. ಮರುದಿನ ವಾಟ್ಸಾಪಿನಲ್ಲಿ ಹೊಸ ಗ್ರೂಪ್ ಹುಟ್ಟಿತು. ಹಳೆಯದರಲ್ಲಿದ್ದವರೆಲ್ಲ ಇದ್ದರು, ಅವಳೊಬ್ಬಳಿಲ್ಲ. ಹಳೆಯ ಗ್ರೂಪಿನಲ್ಲಿ ಅವಳು ಒಬ್ಬಳೇ ಬೆಳಿಗ್ಗೆ ಬೆಳಿಗ್ಗೆ ಶುಭೋದಯದ ಹೂವು ಕಳಿಸುತ್ತಿದ್ದಳು. ಆಮೇಲೆ ಅದೂ ನಿಂತಿತು. ಹೊಸದರಲ್ಲಿ ಮೂರ್ತಿಯವರು “ಗೀತಾ ಯಾಕಿಲ್ಲ?” ಎಂದು ಬರೆದರು. ಅದರ ಕೆಳಗೆ ಯಾರೋ ಚಪಾತಿ ಹಿಟ್ಟು ಸಿಗುವ ಅಂಗಡಿಯ ವಿಳಾಸ ಹಾಕಿದರು.

ಆ ಸಂಜೆ ಮೂರ್ತಿಯವರು ನಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತರು.

“ನಿಮಗೂ ಆ ಹುಡುಗಿ ಮೇಲೆ ಡೌಟಾ?”

“ಹಂಗೇನಿಲ್ಲ.”

“ಹಂಗೇನಿಲ್ಲ ಅಂದ್ರೆ ಇದೆ ಅಂತ. ಇರ್ಲಿ. ಆದ್ರೆ ಮೆಷಿನ್ ಮೇಲೆ ಯಾರಿಗೂ ಬರ್ದೇ ಇರೋ ಡೌಟು ಆ ಹುಡುಗಿ ಮೇಲೆ ಹೆಂಗ್ ಬಂತ್ರೀ, ಇಷ್ಟು ಬೇಗ? ಅದು ಕಸ ಅಂತ ಬಿಟ್ಟಿರೋದನ್ನ ನಾವಿನ್ನೂ ನೋಡೇ ಇಲ್ಲ.”

ಭಾನುವಾರ ಅವರು ಮತ್ತೆ ದಂಡೆಗೆ ಹೋದರು. ನಾಗವೇಣಿಯೂ ನಾನೂ ಹುರುಳಿಕಾಯಿ, ಚಾಕು ಹಿಡಿದುಕೊಂಡು ಜೊತೆಗೆ ಹೋಗಿ ಕೂತೆವು. ಬುತ್ತಿ ಉಂಡ ದಿನ ತೆಗೆದ ಫೋಟೋಗಳಲ್ಲಿ ಹಿಂದೆ ಕಾಣುವ ರೈಲು ಸೇತುವೆಯ ಕಂಬ, ಮುಂದಿನ ಮರದ ಬುಡ ನೋಡಿ ಚಾಪೆ ಹಾಸಿದ ಜಾಗ ಗೊತ್ತುಮಾಡಿ ಹಗ್ಗ ಕಟ್ಟಿದರು. ಕಸದ ಸದ್ದನ್ನು ತೆರೆದುಬಿಟ್ಟರು. ಯಂತ್ರ ಹಸಿದ ಬೆಕ್ಕಿನಂತೆ ಹೆಜ್ಜೆಹೆಜ್ಜೆಗೂ ಗೊಣಗಿತು. ಗೊಣಗಿದಲ್ಲೆಲ್ಲ ಮಂಡಿಯೂರಿ ಅಗೆದು, ಮಣ್ಣನ್ನು ಹೆಂಡತಿಯ ಹಿಟ್ಟಿನ ಜರಡಿಗೆ ಹಾಕಿ ಅಲ್ಲಾಡಿಸಿ, ಮತ್ತೆ ಹುಲ್ಲು ಕೂರಿಸಿ ಅಂಗೈಯಿಂದ ತಟ್ಟುವರು. “ಇನ್ಮೇಲೆ ಅದ್ರಲ್ಲಿ ನೀವೇ ಹಿಟ್ಟು ಜರಡಿ ಹಿಡ್ಕೊಳಿ” ಎಂದಳು ನಾಗವೇಣಿ. ಇಡೀ ದಿನ ಬಂದದ್ದು ಡಬ್ಬಿಯ ಕಿವಿ, ಚಾಕೊಲೇಟಿನ ಬೇಗಡೆ ಕಾಗದ. ಮುಂದಿನ ಭಾನುವಾರವೂ ಅಷ್ಟೇ. ಸಕುರಾ ಉದುರಿ ಎಲೆ ಚಿಗುರಿತು.

ಅದರ ನಂತರದ ಭಾನುವಾರ ಮರದ ಬೇರಿನ ಪಕ್ಕ, ಸತ್ತೇಹೋದಂಥ ಸದ್ದೊಂದು ಬಂತು. ಜರಡಿಯಲ್ಲಿ ಮೆಂತ್ಯದ ಕಾಳಿನಷ್ಟು ಹಳದಿ ಚೂರು ಉಳಿಯಿತು. ನಾನು ಅದನ್ನು ನೀರಲ್ಲಿ ತೊಳೆದು ನೋಡಿದೆ.

“ಇದು ಓಲೆ ತಿರುಪು.”

“ಹಂಗಂತ ಯಾರ್ ಹೇಳಿದ್ದು?”

“ನಾನು. ಮೂವತ್ತು ವರ್ಷದಿಂದ ಕಿವಿ ಹಿಂದೆ ತಿರುಗಿಸ್ಕೊಂಡ್ ಬಂದಿದೀನಿ.”

ಅವರಿಗೆ ಅದು ಸಾಲದು. ಮಣ್ಣುಗೈಯಲ್ಲೇ ಜಯಶ್ರೀಯ ಮನೆಗೆ ಹೋಗಿ ಉಳಿದ ಇನ್ನೊಂದು ಓಲೆ ತರಿಸಿ, ಅದರ ಹಿಂದಿನ ಕಡ್ಡಿಗೆ ಈ ತಿರುಪನ್ನು ಹಾಕಿ ತಿರುಗಿಸಿದರು. ಕೂತಿತು. ಬಿಚ್ಚಿ ಇನ್ನೊಮ್ಮೆ ತಿರುಗಿಸಿದರು. ಆಮೇಲಷ್ಟೇ “ಈಗ ಸರಿ” ಎಂದರು.

“ಓಲೆ ಸಿಗ್ಲಿಲ್ವಲ್ಲ ಸಾರ್” ಎಂದಳು ಜಯಶ್ರೀ.

“ಕದಿಯೋರು ತಿರುಪು ಬಿಚ್ಚಿ ಮರದ ಬುಡಕ್ಕೆ ಇಟ್ಟು ಹೋಗ್ತಾರೇನಮ್ಮ? ತಿರುಪು ಸಡ್ಲ ಆಗಿ ಬಿದ್ದಿದೆ. ಓಲೆ ಚಾಪೆ ಕೊಡವ್ದಾಗ ಎಲ್ಲಿ ಹಾರಿದ್ಯೋ.”

“ನಾನೇನು ಯಾರ ಹೆಸರೂ ಹೇಳಿರ್ಲಿಲ್ಲ.”

“ಹೇಳಿದ್ರೆ ಅವಳಿಗೆ ಉತ್ತರ ಕೊಡೋಕಾದ್ರೂ ಆಗ್ತಿತ್ತು” ಎಂದು ಮೆಟ್ಟಿಲಿಳಿದು ಬಂದರು.

ಸಂಜೆ ಜಯಶ್ರೀ ಗೀತಾಳನ್ನು ಹೊಸ ಗ್ರೂಪಿಗೆ ಸೇರಿಸಿದಳು. ನಾನು ಬೇಳೆ ತೊಳೆದು ಬರುವಷ್ಟರಲ್ಲಿ ಗೀತಾ ಅದರಿಂದ ಹೊರಗೆ ಹೋಗಿದ್ದಳು. ಮೂರ್ತಿಯವರಿಗೆ ಹೇಳಿದರೆ ಅವರು ಬೇಸರಪಡಲಿಲ್ಲ. “ಈಗ ಡೌಟ್ ಪಡೋ ಸರದಿ ಅವಳ್ದು. ಪಡ್ಲಿ ಬಿಡಿ.”

ನಿನ್ನೆ ಹೊರಡುವಾಗ ಯಂತ್ರವನ್ನೂ ಜರಡಿಯನ್ನೂ ನನ್ನ ಕೈಗಿತ್ತರು. “ಇದು ಹೇಳಿದ್ದನ್ನ ನಂಬ್ಬೇಡಿ” ಎಂದರು. ಟ್ಯಾಕ್ಸಿ ಬಂದ ಮೇಲೆ, ಕೀಲಿಕೈ ಒಪ್ಪಿಸಿಯಾಗಿದ್ದ ಮನೆಯ ಬಾಗಿಲನ್ನು ಹಿಂದಿರುಗಿ ಹೋಗಿ ಎಳೆದು ನೋಡಿ ಬಂದರು. ಅದು ನಾನು ಅವರನ್ನು ಕೊನೆಯ ಸಲ ನೋಡಿದ್ದು.

ಇವತ್ತು ಸಂಜೆ ಬಾಗಿಲು ತೆರೆದರೆ ಗೀತಾ. ಹೂವಿನ ಕಾಲದಿಂದ ನಮ್ಮ ಮನೆಗೆ ಬಂದಿರಲಿಲ್ಲ. ಕೈಯಲ್ಲಿ ಸ್ಟೀಲ್ ಡಬ್ಬಿ.

“ಮೆಷಿನ್ ನಿಮ್ಮತ್ರ ಇದೆಯಂತಲ್ಲ ಅಕ್ಕ. ಓಲೆ ಇನ್ನೂ ಅಲ್ಲೇ ಇದೆ. ಭಾನುವಾರ ಹೋಗೋಣ್ವಾ?”

ಸಿಕ್ಕರೆ ಏನು ಮಾಡುತ್ತೀಯ ಎಂಬ ಪ್ರಶ್ನೆ ನನ್ನ ನಾಲಿಗೆಯ ತುದಿಗೆ ಬಂತು. ಅವಳು ಅದನ್ನು ಮುಖದಲ್ಲೇ ಓದಿಕೊಂಡಳು.

“ಪೊಲೀಸ್ ಚೌಕಿಗೆ ಕೊಡ್ತೀನಿ. ಬೇಕಾದೋರು ಅಲ್ಲಿಗೆ ಹೋಗಿ, ತಮ್ಮದೇ ಅಂತ ಪ್ರೂಫ್ ತೋರಿಸಿ, ಸೈನ್ ಹಾಕಿ ತಗೊಳ್ಲಿ.”

“ಹೋಗೋಣ” ಎಂದು ಡಬ್ಬಿ ತೆಗೆದುಕೊಂಡೆ. ಅದರಲ್ಲಿ ಹುರುಳಿಕಾಳಿನ ಬಸ್ಸಾರು ಇತ್ತು. ಅವಳು ಹೋದ ಮೇಲೆ ಬಿಸಿ ಅನ್ನಕ್ಕೆ ಕಲಸಿ, ಸಂಡಿಗೆ ಕರಿದು ಊಟ ಮಾಡಿದೆವು. ಮಗಳು ಎರಡು ಸಲ ಹಾಕಿಸಿಕೊಂಡಳು. ಮೊದಲು ಮಲಗಿದ್ದು ನಮ್ಮವರು. ಆಮೇಲೆ ಮಗಳು. ನಾನು ಮಲಗಿದವಳು ಎದ್ದು, ಹಾಕಿದ್ದ ಚಿಲಕವನ್ನೇ ಇನ್ನೊಮ್ಮೆ ಎಳೆದು ನೋಡಿ ಬಂದೆ.